ಇಪ್ಪತ್ತೈದು ಇಂಚಿನ ಕಾರು

ನನ್ನನ್ನು ಹಟಮಾರಿ ಎಂದು ಮನೆಯವರು ಹೇಳುತ್ತಾರೆ. ನಾನು ಅದನ್ನು ದೃಢಸಂಕಲ್ಪ ಎನ್ನುತ್ತೇನೆ. ಎರಡಕ್ಕೂ ಇರುವ ವ್ಯತ್ಯಾಸವಿಷ್ಟೇ: ಕೆಲಸ ಕೈಗೂಡಿದರೆ ಸಂಕಲ್ಪ, ಕೆಟ್ಟರೆ ಹಟ. ಕೆಡುವ ತನಕ ಯಾವುದು ಯಾವುದೆಂದು ಹೇಳುವುದು ಕಷ್ಟ, ಹಾಗಾಗಿ ನಾನು ಎರಡನ್ನೂ ಒಂದೇ ಹುರುಪಿನಿಂದ ಮಾಡುತ್ತೇನೆ. ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯವನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಯಾವುದನ್ನೇ ಆಗಲಿ ಮೂರು ಸಲ ಅಳೆದು ಸರಾಸರಿ ತೆಗೆಯದೆ ಬರೆದುಕೊಳ್ಳುವಂತಿಲ್ಲ. ಈ ಅಭ್ಯಾಸ ನನ್ನ ಹಿಂದೆಯೇ ಮನೆಗೂ ಬಂದುಬಿಟ್ಟಿತು. ಮದುವೆಯಾದ ಹೊಸದರಲ್ಲಿ ಅನ್ನಕ್ಕೆ ಇಡುವ ನೀರನ್ನು ಗೆರೆ ಹಾಕಿದ ಗಾಜಿನ ಪಾತ್ರೆಯಲ್ಲಿ ಅಳೆಯಲು ಹೋಗಿ ಹೆಂಡತಿ ಸ್ಟೆಲ್ಲಾಳಿಂದ ಅಡುಗೆಮನೆಯಿಂದಾಚೆ ಅಟ್ಟಿಸಿಕೊಂಡಿದ್ದೆ. ಅವಳು ಬೆರಳಿನ ಗೆಣ್ಣು ಅದ್ದಿ ನೀರು ಇಡುವವಳು. ಅವಳು ಮಾಡಿದ ಅನ್ನ ಇಂದಿನವರೆಗೂ ಒಂದು ದಿನವೂ ಮುದ್ದೆಯಾಗಿಲ್ಲ. ಇದನ್ನು ವಿಜ್ಞಾನದ ಪರವಾಗಿ ನಾನು ಮೌನವಾಗಿ ಸಹಿಸಿಕೊಂಡಿದ್ದೇನೆ.

ಈ ಸಲ ಸಂಕಲ್ಪ ಮಾಡಿದ್ದು ಅಮ್ಮನಿಗಾಗಿ. ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ನಾವು ನಾಲ್ವರು: ಅಮ್ಮ, ಸ್ಟೆಲ್ಲಾ, ಪಿಯುಸಿ ಓದುವ ಮಗಳು ನಿಶಾ ಮತ್ತು ನಾನು. ಅಮ್ಮನಿಗೆ ಎಪ್ಪತ್ತಾರು. ಭಾನುವಾರದ ಪೂಜೆಯನ್ನು ತಪ್ಪಿಸಿದ ಹೆಂಗಸೇ ಅಲ್ಲ. ಜ್ವರ ಬಂದಿದ್ದರೂ ತಲೆಗೆ ಸೆರಗು ಹೊದ್ದು ಚರ್ಚಿನ ಮೂರನೇ ಬೆಂಚಿನ ಅಂಚಿನಲ್ಲಿ ಕೂತಿರುತ್ತಿದ್ದಳು. ಅಂಥವಳು ಈಸ್ಟರ್ ಆದ ಮೇಲೆ ಒಂದು ಭಾನುವಾರ ಬರುವುದಿಲ್ಲ ಎಂದಳು. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಕೇಳಿದರೆ, "ಬುಡೋ ಅಂತೋಣಿ, ಮಂಡಿ ನೋವು ಕಣೋ. ನಿನ್ ಕಾರು ಹತ್ತಿ ಇಳಿಯಕ್ಕೆ ಆಗಲ್ಲ. ಮನೇಲೇ ಜಪಮಾಲೆ ಹೇಳ್ಕೋತೀನಿ" ಎಂದಳು. ಆಟೋ ಕರೆಸುತ್ತೇನೆಂದರೆ ಅದು ಕುಲುಕುತ್ತದಂತೆ. ನಾವು ಮೂವರೂ ಹೊರಟಾಗ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಕೈ ಬೀಸುತ್ತಿದ್ದಳು. ಕನ್ನಡಿಯಲ್ಲಿ ಅವಳು ಚಿಕ್ಕದಾಗುತ್ತಾ ಹೋಗುವುದನ್ನು ನೋಡುತ್ತಲೇ ನಾನು ಗಾಡಿ ಓಡಿಸುತ್ತಿದ್ದೆ. ಕ್ರಿಸ್‌ಮಸ್ಸಿನೊಳಗೆ ಅಮ್ಮನನ್ನು ಮತ್ತೆ ಆ ಮೂರನೇ ಬೆಂಚಿನಲ್ಲಿ ಕೂರಿಸದಿದ್ದರೆ ನಾನು ಮಗನೇ ಅಲ್ಲ ಎಂದುಕೊಂಡೆ.

ರೋಗ ಎಲ್ಲಿದೆ ಎಂಬುದು ನನಗೆ ತಕ್ಷಣ ಹೊಳೆಯಿತು. ನಮ್ಮ ಸಣ್ಣ ಕಾರಿಗೆ ಹನ್ನೊಂದು ವರ್ಷ. ಅದರ ಸೀಟು ನೆಲಕ್ಕೆ ತೀರಾ ಹತ್ತಿರ. ಕೂರುವುದೆಂದರೆ ಬಾವಿಗೆ ಇಳಿದಂತೆ, ಮೇಲೆ ಬರಲು ಒಬ್ಬರು ಕೈ ಹಿಡಿದು ಎಳೆಯಬೇಕು. ಹಾಗೆಂದು ದೊಡ್ಡ ಎಸ್‌ಯುವಿ ತಂದರೆ ಅಮ್ಮನನ್ನು ಅಟ್ಟಕ್ಕೆ ಹತ್ತಿಸಿದಂತೆ. ಇವೆರಡರ ನಡುವೆ, ಹೊರಗೆ ಜೀಪಿನ ಗತ್ತು, ಒಳಗೆ ಕಾರಿನ ಸಾಧು ಸ್ವಭಾವ ಇರುವ ಮಧ್ಯಮ ಗಾತ್ರದ ಗಾಡಿಗಳಿವೆ, ಅವಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ ಎಂದು ನಿಶಾ ಫೋನಿನಲ್ಲಿ ತೋರಿಸಿದಳು. ಹೊಸದು ನಮ್ಮ ಕೈಗೆ ಎಟುಕುವುದಲ್ಲ, ಸೆಕೆಂಡ್ ಹ್ಯಾಂಡೇ ಸೈ ಎಂದಾಯಿತು. ಆದರೆ ಸೀಟು ಎಷ್ಟು ಎತ್ತರವಿರಬೇಕು? ಉತ್ತರ ಮನೆಯ ಮುಂದೆಯೇ ಇತ್ತು. ಗೇಟಿನ ಪಕ್ಕದ ಆ ಕಟ್ಟೆಯ ಮೇಲೆ ಅಮ್ಮ ಯಾರ ಕೈಯನ್ನೂ ಹಿಡಿಯದೆ ಕೂರುತ್ತಾಳೆ, ಏಳುತ್ತಾಳೆ, ತರಕಾರಿ ಗಾಡಿ ಬಂದರೆ ನನಗಿಂತ ಬೇಗ ಎದ್ದು ಹೋಗುತ್ತಾಳೆ. ಕಟ್ಟೆಯ ಎತ್ತರವೇ ಸೀಟಿನ ಎತ್ತರ! ಸ್ಟೆಲ್ಲಾ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳ ಕೊರಳಿನಲ್ಲಿದ್ದ ಟೇಪನ್ನು ಎಳೆದುಕೊಂಡು ಹೋಗಿ, ರಸ್ತೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಮೂರು ಸಲ ಅಳೆದೆ. ಸರಾಸರಿ ಇಪ್ಪತ್ತು ಇಂಚು.

ಆಮೇಲೆ ಆರು ವಾರ ನಾನು ಮೈಸೂರಿನ ಹಳೆಯ ಕಾರುಗಳನ್ನು ಅಳೆದುಕೊಂಡು ತಿರುಗಿದೆ. ಈ ವ್ಯಾಪಾರದಲ್ಲಿ ನಾನು ಕಂಡುಕೊಂಡ ಸತ್ಯವೆಂದರೆ, ಮಾರಾಟಕ್ಕಿರುವ ಪ್ರತಿಯೊಂದು ಕಾರೂ ಡಾಕ್ಟರದ್ದೇ. "ಡಾಕ್ಟ್ರು ಓಡ್ಸಿರೋ ಗಾಡಿ ಸಾರ್, ಸಿಂಗಲ್ ಓನರ್, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ" ಎಂದು ಪ್ರತಿಯೊಬ್ಬರೂ ಹೇಳಿದರು. ಊರಿನಲ್ಲಿ ಇಷ್ಟೊಂದು ಡಾಕ್ಟರುಗಳಿದ್ದರೆ ನಾವೇಕೆ ಟೋಕನ್ ಹಿಡಿದು ಎರಡೆರಡು ಗಂಟೆ ಕಾಯುತ್ತೇವೋ ಕಾಣೆ. ಬಹುಶಃ ಅವರೆಲ್ಲ ಕಾರು ಮಾರಲು ಹೋಗಿರುತ್ತಾರೆ. ಮಾರುವವರು ಮೇಲಿನ ಕಿಟಕಿ ತೆರೆದು ಆಕಾಶ ತೋರಿಸುತ್ತಿದ್ದರು, ಹಾಡು ಹಾಕಿ ಸ್ಪೀಕರಿನ ಸದ್ದು ಕೇಳಿಸುತ್ತಿದ್ದರು. ನಾನು ಅದಾವುದನ್ನೂ ನೋಡದೆ ನೆಲಕ್ಕೆ ಬಾಗಿ ಟೇಪು ಹಿಡಿಯುತ್ತಿದ್ದೆ. ಒಬ್ಬ ತನ್ನ ಜೊತೆಯವನಿಗೆ, "ಏನೋ ರವಿಕೆ ಅಳತೆ ತಗೋತಾವ್ರೆ ಕಣೋ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಗೋಕುಲಂನಲ್ಲಿ ಯೋಗ ಹೇಳಿಕೊಡುವ ಹೆಂಗಸೊಬ್ಬರ ಗಾಡಿ ನೋಡಲು ಹೋದಾಗ ಆಕೆ ಗಾಡಿಯ ವಿಷಯ ಬಿಟ್ಟು, "ನಿಮ್ಮ ತಾಯಿಯವರಿಗೆ ಕಾರು ಯಾಕ್ರೀ? ಮೂರು ತಿಂಗಳು ನನ್ನ ಹತ್ತಿರ ಕಳಿಸಿ, ಮಂಡಿ ತಾನಾಗೇ ಸರಿಹೋಗತ್ತೆ" ಎಂದರು. ಮನೆಗೆ ಬಂದು ಹೇಳಿದೆ. ಅಮ್ಮ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, "ಈ ವಯಸ್ಸಲ್ಲಿ ತಲೆ ಕೆಳಗೆ ಮಾಡಿ ನಿಲ್ತೀನೇನೋ ನಾನು?" ಎಂದಳು.

ಒಂಬತ್ತು ಗಾಡಿಗಳನ್ನು ತಿರಸ್ಕರಿಸಿದೆ. ಒಂದು ಇಪ್ಪತ್ನಾಲ್ಕು, ಇನ್ನೊಂದು ಇಪ್ಪತ್ತಾರು, ಮಿಕ್ಕವೂ ಅದರ ಆಸುಪಾಸು. ಇಪ್ಪತ್ತು ಇಂಚಿನ ಕ್ರಾಸ್‌ಓವರನ್ನು ಜಗತ್ತಿನಲ್ಲಿ ಯಾರೂ ತಯಾರಿಸಿದಂತೆ ಕಾಣಲಿಲ್ಲ. ಬೇರೆಯವರಾಗಿದ್ದರೆ ಕೈ ಚೆಲ್ಲುತ್ತಿದ್ದರು. ನಾನು ಪಕ್ಕದ ಜಿಲ್ಲೆಗಳ ಪಟ್ಟಿ ಮಾಡುತ್ತಾ ಕೂತೆ. ಆಗ ಸ್ಟೆಲ್ಲಾ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ರೀ, ಕಟ್ಟೆನ ಯಾವ ಕಡೆಯಿಂದ ಅಳೆದ್ರಿ?" ಎಂದಳು. ರಸ್ತೆ ಕಡೆಯಿಂದ ಎಂದೆ. "ಅತ್ತೆ ಕಾಲು ಇಳಿಬಿಡೋದು ಕಾಂಪೌಂಡಿನ ಒಳಗಡೆಗೆ ಅಲ್ವಾ?" ಎಂದಳು. ನಾನು ಟೇಪು ಹಿಡಿದು ಎದ್ದೆ. ನಮ್ಮ ಬೀದಿಗೆ ಡಾಂಬರು ಹಾಕುವವರು ಹಳೆಯದನ್ನು ಕೀಳುವುದಿಲ್ಲ, ದೋಸೆಯ ಮೇಲೆ ದೋಸೆ ಹುಯ್ದ ಹಾಗೆ ಅದರ ಮೇಲೇ ಹುಯ್ಯುತ್ತಾರೆ. ಹಾಗಾಗಿ ರಸ್ತೆ ಮೇಲೇಳುತ್ತಾ ಇರುತ್ತದೆ, ಮನೆಗಳು ಹಳ್ಳಕ್ಕೆ ಬೀಳುತ್ತಾ ಇರುತ್ತವೆ. ಒಳಗಡೆಯಿಂದ ಅದೇ ಕಟ್ಟೆ ಇಪ್ಪತ್ತೈದು ಇಂಚಿತ್ತು. ಮೂರು ಸಲ ಅಳೆದು ಸರಾಸರಿ ತೆಗೆಯುವವನು ತಪ್ಪು ಕಡೆ ಕೂತರೆ ಮೂರು ಸಲವೂ ತಪ್ಪೇ ಬರುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಬೇಡವೆಂದಿದ್ದ ಒಂಬತ್ತರಲ್ಲಿ ಐದು ಅಷ್ಟರಲ್ಲಾಗಲೇ ಬೇರೆಯವರ ಮನೆ ಸೇರಿದ್ದವು, ಉಳಿದ ನಾಲ್ಕು ಇಪ್ಪತ್ತೈದಕ್ಕೆ ಒಂದಿಂಚು ಹೆಚ್ಚೋ ಕಡಿಮೆಯೋ ಇದ್ದವು. ನಾನು ಎದೆಗುಂದದೆ ಮತ್ತೆ ಮೊದಲಿನಿಂದ ಶುರುಮಾಡಿದೆ.

ಹಾಗೆ ಸಿಕ್ಕಿದ್ದು ಲಕ್ಷ್ಮೀಪುರಂನ ಮಹದೇವಸ್ವಾಮಿಯವರ ಗಾಡಿ. ದಿನಸಿ ಸಗಟು ವ್ಯಾಪಾರ ಮಾಡಿ ಈಗ ಅಂಗಡಿಯನ್ನು ತಮ್ಮನಿಗೆ ಬಿಟ್ಟಿರುವ ಹಿರಿಯರು. ಹಣೆಯ ಮೇಲೆ ಮೂರೆಳೆ ವಿಭೂತಿ, ಮಾತು ಮೆತ್ತಗೆ. ಕಣ್ಣಿನ ತೊಂದರೆಯಿಂದ ಓಡಿಸುವುದನ್ನು ಬಿಟ್ಟಿದ್ದರು. ಬೂದು ಬಣ್ಣದ ಐದು ವರ್ಷದ ಗಾಡಿಗೆ ಹೊದಿಕೆ ಹೊದಿಸಿ ಮಗುವನ್ನು ಮಲಗಿಸಿದ ಹಾಗೆ ಇಟ್ಟಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಡಾಕ್ಟರರ ಗಾಡಿಯಲ್ಲ ಎಂದು ಅವರೇ ಒಪ್ಪಿಕೊಂಡರು. ಟೇಪು ಹಿಡಿದೆ, ಇಪ್ಪತ್ತೈದು ಇಂಚು. ಮತ್ತೆರಡು ಸಲ ಹಿಡಿದೆ, ಆಗಲೂ ಅಷ್ಟೇ. ಎಲ್ಲಿ ಕೆಲಸ ಎಂದು ಕೇಳಿದರು, ಕಾಲೇಜಿನಲ್ಲಿ ಎಂದೆ. ಯಾರಿಗೆ ಗಾಡಿ ಎಂದು ಕೇಳಿದರು, ನಮ್ಮಮ್ಮನಿಗೆ ಎಂದೆ. "ಒಳ್ಳೇದಾಯ್ತು ಬುಡಿ ಮೇಷ್ಟ್ರೇ. ಇದನ್ನ ನಾನು ಯಾರಿಗೋ ಕೊಡಲ್ಲ, ಚೆನ್ನಾಗಿ ನೋಡ್ಕೊಳ್ಳೋರಿಗೆ ಕೊಡೋದು" ಎಂದು ಬೀಗದ ಕೈ ಕೊಟ್ಟು ಪಕ್ಕದಲ್ಲಿ ಕೂತರು.

ನಾನು ಗಾಡಿಯನ್ನು ಶಾಸ್ತ್ರೋಕ್ತವಾಗಿ ಪರೀಕ್ಷಿಸಿದೆ. ಎಂಜಿನ್ನಿನ ಬಲ ತಿಳಿಯಲು ಗಲ್ಲಿಯಲ್ಲೇ ಒಮ್ಮೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಬ್ರೇಕನ್ನು ಮೂರು ಸಲ ಗಟ್ಟಿಯಾಗಿ ತುಳಿದು ಸರಾಸರಿ ತೆಗೆದೆ. ಸರ್ಕಲ್ಲಿನಲ್ಲಿ ಅಡ್ಡ ಬಂದ ಆಟೋದವನಿಗೆ ಗಾಜು ಇಳಿಸಿ, ಬಲಗಡೆಯಿಂದ ಬರುವವರಿಗೆ ಯಾಕೆ ದಾರಿ ಬಿಡಬೇಕೆಂದು ಹಿಂದಿನವರ ಹಾರನ್ನುಗಳ ನಡುವೆಯೇ ವಿವರಿಸಿದೆ. ಮಹದೇವಸ್ವಾಮಿಯವರು ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು "ಶಿವ ಶಿವಾ" ಎನ್ನುತ್ತಿದ್ದರು. ಎಂಥ ದೈವಭಕ್ತರು ಎಂದುಕೊಂಡೆ. ಮನೆ ಇನ್ನೂ ಅರ್ಧ ಮೈಲಿ ಇರುವಾಗಲೇ, "ಇಲ್ಲೇ ಇಳ್ಕೋತೀನಿ ಮೇಷ್ಟ್ರೇ. ಸ್ವಲ್ಪ ನಡೆದ್ರೆ ಒಳ್ಳೇದು ಅಂತ ಡಾಕ್ಟ್ರು ಅಂದವ್ರೆ" ಎಂದು ಇಳಿದುಬಿಟ್ಟರು. ನಡೆದು ಬಂದು, ನೀರು ಕುಡಿದು, ಮುಖ ಒರೆಸಿಕೊಂಡು, ಮನೆಯಲ್ಲಿ ಇನ್ಯಾರಿಗಾದರೂ ಓಡಿಸಲು ಬರುತ್ತದೆಯೇ ಎಂದು ಕೇಳಿದರು. ಹೆಂಡತಿಗೆ ಲೈಸೆನ್ಸ್ ಇದೆ, ಆದರೆ ನಾನಿರುವಾಗ ಅವಳಿಗೇಕೆ ತೊಂದರೆ ಎಂದು ಕೊಡುವುದಿಲ್ಲ ಎಂದೆ. "ಅವ್ರನ್ನೂ ಅಮ್ಮಾವ್ರನ್ನೂ ಒಂದ್ಸಲ ಕರ್ಕೊಂಡ್ ಬನ್ನಿ. ಆಮೇಲೆ ಮಾತಾಡೋಣ" ಎಂದರು. ಹೆಂಗಸರ ಅಭಿಪ್ರಾಯಕ್ಕೆ ಬೆಲೆ ಕೊಡುವ ಹಿರಿಯರು ಎಂದು ನನಗೆ ಗೌರವ ಇಮ್ಮಡಿಯಾಯಿತು.

ಮಾರನೆಯ ದಿನ ಎಲ್ಲರೂ ಆಟೋದಲ್ಲಿ ಹೋದೆವು; ಅದರ ಕುಲುಕಿನ ಬಗ್ಗೆ ಅಮ್ಮ ಅಂದು ಗೊಣಗಲಿಲ್ಲ. ಸ್ಟೆಲ್ಲಾ ಓಡಿಸಲು ಕೂತಳು, ಅಮ್ಮ ಮುಂದೆ, ಹಿಂದೆ ಮಹದೇವಸ್ವಾಮಿ ಮತ್ತು ನಿಶಾ. ಐದು ಜನ ಕೂರುವ ಗಾಡಿಯಲ್ಲಿ ನಾಲ್ವರು ಕೂತ ಮೇಲೆ ಜಾಗವಿಲ್ಲ ಎಂದು ನನ್ನನ್ನು ಗೇಟಿನಲ್ಲಿ ಬಿಟ್ಟುಹೋದದ್ದು ಲೆಕ್ಕಕ್ಕೆ ಸಿಗದ ವಿಷಯ. ಅರ್ಧ ಗಂಟೆಯ ಮೇಲೆ ನಗುತ್ತಾ ಬಂದರು. ಅಮ್ಮ ಬಾಗಿಲು ತೆರೆದು, ಕಾಲು ಹೊರಗಿಟ್ಟು, ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ನಿಂತಳು. ನನ್ನ ಕಣ್ಣು ತುಂಬಿ ಬಂತು. ಅಳತೆಯ ಟೇಪನ್ನು ಜೇಬಿನೊಳಗೆ ಗಟ್ಟಿಯಾಗಿ ಹಿಡಿದುಕೊಂಡು ಬೇರೆ ಕಡೆ ನೋಡಿದೆ. ಬೆಲೆಯ ಮಾತು ಕಾಫಿ ಆರುವುದರೊಳಗೆ ಮುಗಿಯಿತು. ಸೋಮವಾರ ಗಾಡಿ ಒಪ್ಪಿಸುವಾಗ ಅವರು ಸ್ಟಿಯರಿಂಗಿಗೆ ವಿಭೂತಿ ಹಚ್ಚಿ, ಆಮೇಲೆ ನೆನಪಾಗಿ ಸಂಕೋಚದಿಂದ, ಬೇಕಾದರೆ ಒರೆಸಿಕೊಳ್ಳಿ ಎಂದರು. ಅಮ್ಮ, "ಇರ್ಲಿ ಬುಡಿ ಸ್ವಾಮಿ. ದೇವ್ರ ಹೆಸ್ರಲ್ಲಿ ಇಟ್ಟಿದ್ದನ್ನ ಯಾರಾದ್ರೂ ಒರೆಸ್ತಾರ?" ಎಂದಳು. ಸಂಜೆ ನಮ್ಮ ಫಾದರ್ ಅದರ ಮೇಲೆಯೇ ತೀರ್ಥ ಚಿಮುಕಿಸಿ ಆಶೀರ್ವದಿಸಿದರು.

ಭಾನುವಾರ ಬಂತು. ಅಮ್ಮ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಹೊರಬಂದು ಮುಂದಿನ ಸೀಟಿನಲ್ಲಿ ಕಟ್ಟೆಯ ಮೇಲೆ ಕೂತಷ್ಟೇ ಸಲೀಸಾಗಿ ಕೂತಳು. ಎರಡು ತಿಂಗಳ ಸಂಕಲ್ಪ ಕೈಗೂಡಿತೆಂದು ನಾನು ಎದೆಯುಬ್ಬಿಸಿ ಓಡಿಸುವ ಕಡೆಯ ಬಾಗಿಲಿಗೆ ಬಂದೆ. ಅಮ್ಮ ನನ್ನ ಮುಖ ನೋಡಿ, "ನೀನ್ಯಾಕೋ ಈ ಕಡೆ? ಸ್ಟೆಲ್ಲಾ ಅಲ್ವೇನೋ ಓಡ್ಸೋದು?" ಎಂದಳು.

ನಾನು ಬಾಗಿಲ ಹಿಡಿ ಹಿಡಿದೇ ನಿಂತೆ. ಅಮ್ಮ ದನಿ ತಗ್ಗಿಸಿದಳು. "ನೊಂದ್ಕೋಬೇಡ ಕಣಪ್ಪಾ. ನೀನು ಓಡ್ಸಿದ್ರೆ ಚರ್ಚು ಮುಟ್ಟೋಷ್ಟರಲ್ಲಿ ನಂದು ಎರಡು ಸುತ್ತು ಜಪಮಾಲೆ ಮುಗ್ದಿರುತ್ತೆ. ಅಲ್ಲಿಗೋಗಿ ಬೇಡ್ಕೊಳ್ಳಕ್ಕೆ ಏನೂ ಉಳಿದಿರಲ್ಲ. ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಮಂಡಿ ಮೇಲೆ ಹಾಕ್ಬುಟ್ಟೆ."

ನಿಶಾ ಕಿಟಕಿಯಾಚೆ ಏನನ್ನೋ ಆಸಕ್ತಿಯಿಂದ ನೋಡುತ್ತಿದ್ದಳು. ಸ್ಟೆಲ್ಲಾ ಕೈ ಚಾಚಿದಳು, ನಾನು ಬೀಗದ ಕೈ ಕೊಟ್ಟೆ. ಆ ದಿನ ಅಮ್ಮ ಮೂರನೇ ಬೆಂಚಿನ ಅಂಚಿನಲ್ಲಿ ಕೂತು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಅದನ್ನು ಕೇಳಿ ನನ್ನ ಅವಮಾನದಲ್ಲಿ ಮುಕ್ಕಾಲು ಪಾಲು ಕರಗಿತು ಎಂಬುದು ನಿಜ. ಈಗ ಪ್ರತಿ ಭಾನುವಾರ ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಸ್ಟೆಲ್ಲಾ ನಿಧಾನವಾಗಿ, ಆಟೋಗಳಿಗೂ ದನಗಳಿಗೂ ದಾರಿ ಬಿಟ್ಟು ಓಡಿಸುತ್ತಾಳೆ. ಎದುರಿಗೆ ಏನೇ ಬರಲಿ, ಇಲ್ಲದ ಬ್ರೇಕನ್ನು ತುಳಿಯಲು ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಹೋಗಿ ಬರುವುದರೊಳಗೆ ಅರವತ್ತೆಪ್ಪತ್ತು ಸಲ ಒತ್ತುತ್ತದೆ. ಹೀಗಾಗಿ ಎರಡು ವಾರದಿಂದ ನನಗೆ ಮಂಡಿ ನೋವು ಶುರುವಾಗಿದೆ, ಮೆಟ್ಟಿಲು ಹತ್ತಲೂ ಆಗುತ್ತಿಲ್ಲ. ಆದರೆ ನಮ್ಮ ಮನೆಯಲ್ಲಿ ಮಂಡಿ ನೋವು ಎಂದರೆ ಈಗ ಯಾರೂ ನಂಬುವುದಿಲ್ಲ.