ಭಾವನ ಕಾರಿನ ಕಟಕಟ

ಹೆಂಡತಿ ನಯನಳನ್ನು ಮಳವಳ್ಳಿಯ ನಾಮಕರಣಕ್ಕೆ ಕರೆದೊಯ್ಯಲೆಂದು ಚಲುವರಾಜು ಭಾವನ ಕಾರನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದ. ಬೆಳಿಗ್ಗೆ ಭಾವನ ಊರು ಬೆಸಗರಹಳ್ಳಿ ದಾಟಿ ಮೊದಲ ತಿರುವಿನಲ್ಲೇ ಅವನು ಬ್ರೇಕ್ ತುಳಿದ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಸಾಕು, ಕಾರಿನಡಿ ಯಾರೋ ಹುರಿಗಡಲೆ ಕಡಿದಂತೆ ಕಟಕಟ ಸದ್ದು.

ಭಾವ ಮಾದಯ್ಯ ಸಾಮಾನ್ಯ ಆಸಾಮಿಯಲ್ಲ. ಕೊಟ್ಟ ಕುಡುಗೋಲನ್ನು ವಾಪಸು ಇಸಿದುಕೊಳ್ಳುವಾಗಲೂ ಮೊಂಡಾಗಿದೆಯೇನೋ ಎಂದು ಬೆರಳಲ್ಲಿ ಸವರಿ ನೋಡುವವನು. ‘ಕೆಡಿಸ್ಕೊಂಡ್ ಬಂದ್ಯಾ’ ಎಂದುಬಿಟ್ಟರೆ ಅಕ್ಕನ ಮನೆ ಹೊಸ್ತಿಲು ತುಳಿಯುವುದು ಹೇಗೆ? ಚಲುವರಾಜು ಗುತ್ತಲಿನ ತನ್ನ ಮನೆ ಮುಂದೆ ಕಾರು ನಿಲ್ಲಿಸಿ ತಲೆ ಮೇಲೆ ಕೈ ಹೊತ್ತ. ನಯನ ಮುಖ ಊದಿಸಿಕೊಂಡು ಬಸ್ಸು ಹತ್ತಿದಳು.

ಪಕ್ಕದ ಮನೆಯ ಸ್ವರೂಪ್ ಫೋನು ಹಿಡಿದು ಓಡಿಬಂದ. “ಅಣ್ಣ, ಕಾರ ಮೇಲಕ್ಕೆತ್ತಿ ಓಡ್ಸುದ್ರೆ ಸದ್ದು ಎಲ್ಲಿಂದ ಬತ್ತದೆ ಅಂತ ಗೊತ್ತಾಯ್ತದೆ. ವೀಡಿಯೋ ನೋಡಿವ್ನಿ.”

ಎದುರು ಮನೆಯ ದೊಡ್ಡಸಿದ್ದಯ್ಯ ಬಸ್ಸು ಓಡಿಸಿ ನಿವೃತ್ತನಾದವನು. “ಬರೀ ಜಾಕಿ ನಂಬ್ಕೊಂಡ್ ಎತ್ತೀಯೇನ್ಲಾ? ಜಾರುದ್ರೆ ಕಾರು ನಿಮ್ ನಡುಮನೇಗೇ ಬತ್ತದೆ. ಅಡೀಕೆ ಸ್ಟ್ಯಾಂಡ್ ಮಡುಗು. ಹಿಂದಿನ ಚಕ್ರಕ್ಕೆ ಕಲ್ಲು ಕೊಡು, ಹ್ಯಾಂಡ್‌ಬ್ರೇಕ್ ಎಳಿ. ಮುಂದೆ ಒಬ್ರೂ ನಿಲ್ಬ್ಯಾಡಿ!”

ಗ್ಯಾರೇಜಿನಿಂದ ಸ್ಟ್ಯಾಂಡು ಬಂತು. ಕಾರು ಮೂತಿ ಎತ್ತಿ ನಿಂತಿತು. ಚಲುವರಾಜು ದೇವರನ್ನು ನೆನೆದು ಗೇರ್ ಹಾಕಿದ. ಒಂದು ಚಕ್ರ ಬುಗುರಿಯಂತೆ ತಿರುಗಿತು, ಇನ್ನೊಂದು ಮುನಿಸಿಕೊಂಡ ಬೀಗರಂತೆ ಸುಮ್ಮನಿತ್ತು.

“ಅಣ್ಣ, ಎಡಗಡೆ ಚಕ್ರ ಸತ್ತೋಗದೆ!”

“ಸತ್ತಿಲ್ಲ ಕಣ್ಲಾ. ಗಾಳೀಲಿ ಯಾವ್ದು ಹಗುರಾನೋ ಅದೇ ತಿರುಗ್ತದೆ,” ಎಂದ ದೊಡ್ಡಸಿದ್ದಯ್ಯ.

ಇನ್ನಷ್ಟು ಆಕ್ಸಲರೇಟರ್ ತುಳಿದಾಗ ಎರಡೂ ತಿರುಗಿದವು. ಆದರೆ ಕಟಕಟ ಈಗ ಎರಡೂ ಕಡೆಯಿಂದ! ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಎಂದೂ ಕಾಣದ ಹಳದಿ ದೀಪವೊಂದು ಹೊತ್ತಿಕೊಂಡಿತು. ಒಂದು ಕಾಯಿಲೆಗೆಂದು ಆಸ್ಪತ್ರೆಗೆ ಹೋಗಿ ಮೂರು ಅಂಟಿಸಿಕೊಂಡವನಂತೆ ಚಲುವರಾಜು ಕಣ್ಕಣ್ಣು ಬಿಟ್ಟ.

“ಮೂವತ್ತರ ಸ್ಪೀಡು!” ಸ್ವರೂಪ್ ಮೀಟರು ನೋಡಿ ಕೂಗಿದ.

ಕಾಂಪೌಂಡಿನಾಚೆಯಿಂದ ನೆರೆಮನೆಯ ಚಿಕ್ಕಮಾದಮ್ಮ ಇಣುಕಿದಳು. “ಯೆಂಡ್ತಿ ಮಳವಳ್ಳಿ ಸೇರವ್ಳೆ, ಇವ್ನು ಮನೆ ಮುಂದ್ಲೇ ಓಡ್ತಾವ್ನೆ.”

ದೊಡ್ಡಸಿದ್ದಯ್ಯ ಎಂಜಿನ್ ಆರಿಸಲು ಹೇಳಿದ. “ಚಕ್ರ ನೇತಾಡುದ್ರೆ ಅದ್ನ ತಿರುಗ್ಸೋ ಆಕ್ಸಲ್ ಸೊಟ್ಟಗಾಯ್ತದೆ, ಕೆಡದೆ ಇರೋದೂ ಸದ್ದು ಮಾಡ್ತದೆ. ಮುಂದಿನ ಚಕ್ರ ಗಾಳೀಲಿ ತಿರುಗ್ತವೆ, ನೆಲದಲ್ಲಿರೋ ಹಿಂದಿನವು ತಿರುಗಲ್ವಲ್ಲ, ಅದ್ಕೇ ಆ ದೀಪ ಗಾಬ್ರಿ ಬಿದ್ದದೆ. ರೋಡಿಗೆ ಇಳಿದ್ರೆ ಆರೋಯ್ತದೆ.”

ಚಕ್ರಗಳು ಗಾಳಿಯಲ್ಲೇ ಇದ್ದರೂ ನೇತಾಡದಂತೆ, ಸ್ಟ್ಯಾಂಡುಗಳನ್ನು ಅವುಗಳ ಪಕ್ಕದ ಕಬ್ಬಿಣದ ತೋಳಿನಡಿಗೆ ಸರಿಸಿಟ್ಟು ಮತ್ತೆ ಓಡಿಸಿದಾಗ, ಸದ್ದು ಬಲಗಡೆ ಮಾತ್ರ ಬಂತು. ಮೆಕ್ಯಾನಿಕ್ ಬಂದು ಆ ಕಡೆಯ ಆಕ್ಸಲ್ ಜಾಯಿಂಟು ಬದಲಿಸಿದ. ರಸ್ತೆಗಿಳಿದ ಕಾರು ಬೆಣ್ಣೆಯಂತೆ ಹೋಯಿತು. ದೀಪವೂ ಆರಿತು.

ಸಂಜೆ ಬೆಸಗರಹಳ್ಳಿಯಲ್ಲಿ ಚಲುವರಾಜು ಬೇಕೆಂದೇ ಎಡಕ್ಕೆ ತಿರುಗಿಸಿ, ಸದ್ದಿಲ್ಲದೆ ಜಗಲಿಯ ಮುಂದೆ ನಿಲ್ಲಿಸಿದ. ಮಾದಯ್ಯನ ಮುಖ ಕಪ್ಪಿಟ್ಟಿತು.

“ಸದ್ದು ಎಲ್ಲೋಯ್ತಲಾ?”

“ಸರಿ ಮಾಡುಸ್ಬುಟ್ಟೆ ಭಾವ!”

“ಯಾರ್ಲಾ ಹೇಳಿದ್ರು ನಿಂಗೆ?” ಮಾದಯ್ಯ ಅವನ ರಟ್ಟೆ ಹಿಡಿದು ಪಕ್ಕಕ್ಕೆಳೆದ. “ಆ ಸದ್ದ ಮಗೀನಂಗೆ ಸಾಕೊಂಡಿದ್ನಲ್ಲೋ! ಅದ ಕೇಳುದ್ರೆ ದಾರೀಲೇ ನಿಂತೋಯ್ತದೆ ಅಂತ ಊರಲ್ಲಿ ಒಬ್ರೂ ಕಾರು ಕೇಳ್ತಿರ್ನಿಲ್ಲ. ನಿಂಗೆ ಕೊಟ್ಟಿದ್ದೂ ಅದ್ಕೇ, ಇನ್ನೊಂದ್ಸಲ ಕೇಳ್ಬಾರ್ದು ಅಂತ!”

ಅಷ್ಟರಲ್ಲಿ ಪಕ್ಕದ ಜಗಲಿಯಿಂದ ಚಿಕ್ಕಬೋರಮ್ಮ ಎದ್ದು ಬಂದಳು. “ಮಾದಯ್ಯ, ಸದ್ದು ನಿಂತೋಯ್ತಲ್ಲಪ್ಪ! ನಾಳೀಕೆ ನಿಡಘಟ್ಟಕ್ಕೆ ಹೆಣ್ಣು ನೋಡಾಕ್ ಓಗ್ಬೇಕು.” ಅವಳ ಹಿಂದೆ ಇನ್ನೂ ನಾಲ್ಕಾರು ತಲೆಗಳು ಹಲ್ಲು ಬಿಟ್ಟು ನಿಂತಿದ್ದವು.

ಮಾದಯ್ಯ ಕೀಲಿಯನ್ನು ಚಲುವರಾಜುವಿನ ಅಂಗೈಗಿಟ್ಟು ಬೆರಳು ಮಡಚಿದ. “ಸದ್ದು ತೆಗ್ದೋನು ನೀನು. ಇನ್ಮ್ಯಾಕೆ ಇವ್ರನ್ನೆಲ್ಲ ಓಡಾಡ್ಸೋನೂ ನೀನೇ.”

ಚಲುವರಾಜು ಹಿತ್ತಲಿಗೆ ಓಡಿ ದೊಡ್ಡಸಿದ್ದಯ್ಯನಿಗೆ ಫೋನು ಹಚ್ಚಿದ. “ಸಿದ್ದಯ್ಯಣ್ಣ, ಆ ಹಳೇ ಜಾಯಿಂಟು ಬಿಸಾಕ್ಬುಟ್ರಾ?”

“ಗುಜ್ರಿಯವ್ನು ಈಗ್ತಾನೆ ತಗಂಡೋದ ಕಣ್ಲಾ. ಯಾಕೆ?”