ಈ ಹುಡುಗನ ಅಪ್ಪನ ಮನಿ ಯಾವುದ್ರಿ?

ಬೆಟಗೇರಿಯ ಆ ಓಣಿಯಲ್ಲಿ ಯಾರ ಮನೆಗೆ ಹೋಗಬೇಕಾದರೂ ಮೊದಲು ಸಿಗುವುದು ಮಂಜವ್ವನ ಕಟ್ಟೆ. ಹಿರೇಹಂದಿಗೋಳದಿಂದ ಬಂದ ಪರಶುರಾಮನೂ ಅಲ್ಲಿಯೇ ನಿಂತು ಕೇಳಿದ. ಮೂರು ಗಾಲಿಯ ಟಂಟಂ ಓಡಿಸುವ ಮಾಶಾಕನ ಮನೆ ಯಾವುದು ಎಂದಷ್ಟೇ ಕೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಪರಶುರಾಮ ಒಕ್ಕಲುತನದ ಮನುಷ್ಯ. ಮುಚ್ಚಿಟ್ಟು ಮಾತಾಡಿ ಗೊತ್ತಿಲ್ಲದವನು. ಜೊತೆಯಲ್ಲಿದ್ದ ಹುಡುಗನನ್ನು ಮುಂದೆ ನಿಲ್ಲಿಸಿ, "ಯಕ್ಕಾ, ಸರಕಾರಿ ಕಾಗದದಾಗ ಈ ಹುಡುಗನ ಅಪ್ಪ ಮಾಶಾಕ ಅಂತ ಐತ್ರಿ. ಅವರ ಮನಿ ಯಾವುದ್ರಿ?" ಎಂದ.

ಮಂಜವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. ಹುಡುಗನನ್ನು ನೋಡಿದಳು. ಅವನ ಹಿಂದೆ ತಲೆತುಂಬ ಸೆರಗು ಹೊದ್ದು ನಿಂತಿದ್ದ ಅವನ ತಾಯಿ ಹನಮಂತವ್ವನನ್ನು ನೋಡಿದಳು. ಮನೆ ತೋರಿಸುವುದಕ್ಕೆ ತಾನೇ ಎದ್ದಳು. ಮಾಶಾಕನ ಮನೆ ಅಲ್ಲಿಂದ ಕಾಣುವಷ್ಟು ಹತ್ತಿರವಿತ್ತು. ಆದರೂ ಅವರನ್ನು ನಲ್ಲಿಯ ಕಡೆಯಿಂದ, ಅಲ್ಲಿಂದ ಹಿಟ್ಟಿನ ಗಿರಣಿಯ ಕಡೆಯಿಂದ ಸುತ್ತುಹಾಕಿಸಿ ಕರೆದುಕೊಂಡು ಹೋದಳು. ಹೀಗಾಗಿ ಅವರು ಬಾಗಿಲು ಮುಟ್ಟುವ ಹೊತ್ತಿಗೆ ಓಣಿಯಲ್ಲಿ ಸುದ್ದಿ ಗೊತ್ತಿಲ್ಲದ ಮನೆಯೆಂದರೆ ಮಾಶಾಕನದೊಂದೇ.

ಅವನು ಅಂಗಳದಲ್ಲಿ ಟಂಟಂ ತೊಳೆಯುತ್ತಿದ್ದ. ಹೆಂಡತಿ ಅಫ್ರೀನ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಪರಶುರಾಮ ಬಂದವನೇ ಮಾಶಾಕನ ಕಾಲಿಗೆ ಬಿದ್ದ. ಬಕೆಟ್ಟಿನ ನೀರು ಇಬ್ಬರ ಮೇಲೂ ಚೆಲ್ಲಿತು. ದೂರದಲ್ಲಿ ನಿಂತಿದ್ದವರಿಗೆ ಮಾತು ಕೇಳಿಸಲಿಲ್ಲ, ಕಾಲಿಗೆ ಬಿದ್ದದ್ದು ಮಾತ್ರ ಕಾಣಿಸಿತು. ಪಾಪ, ಹೆಂಡತಿಯನ್ನು ಬಿಟ್ಟುಕೊಡು ಎಂದು ಬೇಡಿಕೊಳ್ಳುತ್ತಿದ್ದಾನೆ ಎಂದು ಅವರು ತಿಳಿದುಕೊಂಡರು.

ರೊಟ್ಟಿ ಬಡಿಯುವ ಸದ್ದು ನಿಂತಿತು. ಅಫ್ರೀನ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಪರಶುರಾಮ ಚಾಚಿದ ಜನನ ಪ್ರಮಾಣಪತ್ರವನ್ನು ಓದಿದಳು. ತಾಯಿ ಹನಮಂತವ್ವ. ತಂದೆ ಮಾಶಾಕ. ಅವಳ ಮುಖ ಹಂಚಿನ ಮೇಲೆ ಮರೆತ ರೊಟ್ಟಿಯ ಹಾಗಾಯಿತು.

"ಮದ್ವಿಗಿಂತ ಮೊದ್ಲಿನ ಮಾತು, ಅಫ್ರೀನ," ಎಂದ ಮಾಶಾಕ. ತಾರೀಖು ನೋಡಿ ಹೇಳಿದ್ದು ಅಷ್ಟೇ, ಅವನಿಗೂ ತಲೆಬುಡ ತಿಳಿದಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅದಕ್ಕಿಂತ ಕೆಟ್ಟ ಮಾತು ಇನ್ನೊಂದು ಇರಲಿಲ್ಲ. ಅಫ್ರೀನ ಒಳಗೆ ಹೋಗಿ ಕಪಾಟು ತೆರೆದು ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು. ಅವಳ ತವರು ಲಕ್ಷ್ಮೇಶ್ವರ.

ಇದೇ ಗದ್ದಲದಲ್ಲಿ ಮಾಶಾಕನ ತಾಯಿ ಅಮೀನಬಿ ಎದ್ದು ಬಂದಳು. ಮೊಮ್ಮಗನನ್ನು ಕಾಣುವ ಆಸೆಯಲ್ಲಿ ಅವಳು ಹೋಗದ ದರ್ಗಾ ಇಲ್ಲ, ಕಟ್ಟದ ತಾಯತ ಇಲ್ಲ. ಏನು, ಎತ್ತ ಎಂದು ಕೇಳದೆ ಹುಡುಗನನ್ನು ತೊಡೆಯ ಮೇಲೆ ಎಳೆದುಕೊಂಡು ಗಲ್ಲ ಹಿಡಿದು ನೋಡಿದಳು.

"ಮೂಗು ನೋಡಲೇ, ನಿನ್ನ ಮೂಗ ಐತಿ."

"ಯವ್ವಾ, ನೀ ಸುಮ್ನ ಇರ," ಎಂದ ಮಾಶಾಕ ಅಳುವ ದನಿಯಲ್ಲಿ.

ಸುಮ್ಮನಿರುವ ಬದಲು ಅವಳು ಹುಡುಗನಿಗೆ ಶಿರಾ ಮಾಡಲು ಒಲೆಯ ಕಡೆ ನಡೆದಳು. ತುಪ್ಪದಲ್ಲಿ ರವೆ ಹುರಿದ ವಾಸನೆ ಓಣಿಗೆ ಮುಟ್ಟಿದ ಮೇಲೆ ಹೊರಗಿದ್ದವರಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಮನೆಯವರೇ ಒಪ್ಪಿಕೊಂಡು ಬಾಯಿ ಸಿಹಿ ಮಾಡುತ್ತಿದ್ದಾರೆ ಎಂದಾಯಿತು.

ಕೊನೆಗೆ ಸೆರಗಿನೊಳಗಿಂದ ಹನಮಂತವ್ವನೇ ಬಾಯಿ ಬಿಟ್ಟಳು. ಅವಳು ಹೇಳಿದ್ದನ್ನು ಕೇಳುತ್ತಾ ಮಾಶಾಕನಿಗೆ ಒಂದೊಂದಾಗಿ ನೆನಪಾಯಿತು.

ಆ ದಿನ ಬಸ್ಸು ಬಂದಿರಲಿಲ್ಲ. ಗಂಡ ಮುಂಡರಗಿಯ ಕಡೆ ದುಡಿಯಲು ಹೋಗಿದ್ದ. ಹಂದಿಗೋಳದ ರಸ್ತೆಯಲ್ಲಿ ಬೇನೆ ಶುರುವಾಗಿ ಅವಳು ಬೇವಿನ ಮರ ಹಿಡಿದು ಕುಳಿತಿದ್ದಳು. ಉಳ್ಳಾಗಡ್ಡಿ ಹೇರಿಕೊಂಡು ಬರುತ್ತಿದ್ದ ಒಬ್ಬ ಟಂಟಂದವನು ಕಂಡು ನಿಲ್ಲಿಸಿದ. ಅರ್ಧದಷ್ಟು ಈರುಳ್ಳಿ ಚೀಲಗಳನ್ನು ರಸ್ತೆಯ ಪಕ್ಕಕ್ಕೆ ಇಳಿಸಿ, ಅವಳಿಗೆ ಜಾಗ ಮಾಡಿ, ಗದಗಿನ ದವಾಖಾನೆಗೆ ತಂದು ಮುಟ್ಟಿಸಿದ. ಅಲ್ಲಿ ನರ್ಸಬಾಯಿ ಗಂಡನ ಹೆಸರು ಕೇಳಿದಳು. ಗಂಡನ ಹೆಸರನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದುಂಟೇ? ಹನಮಂತವ್ವ ಹಲ್ಲು ಕಚ್ಚಿ, ಗಂಡ ಹಿಂದಿನಿಂದ ಬರುತ್ತಾನೆ ಎನ್ನುವ ಅರ್ಥದಲ್ಲಿ ಬಾಗಿಲ ಕಡೆ ಕೈ ಮಾಡಿದಳು. ಬಾಗಿಲಲ್ಲಿ ಅವಳ ಗಂಟು ಹಿಡಿದುಕೊಂಡು ಮಾಶಾಕ ನಿಂತಿದ್ದ. ನಿನ್ನ ಹೆಸರೇನು ಎಂದು ನರ್ಸಬಾಯಿ ಕೇಳಿದಳು. ಹೇಳಿದ. ಗಂಟು ಇಟ್ಟು, ರಸ್ತೆಯಲ್ಲಿ ಬಿಟ್ಟ ಉಳ್ಳಾಗಡ್ಡಿ ಯಾರಾದರೂ ಒಯ್ದಾರೆಂದು ಓಡಿದ.

ಆ ಕಾಗದವನ್ನು ಇವರು ಟ್ರಂಕಿನಲ್ಲಿಟ್ಟವರು ಮತ್ತೆ ತೆರೆದದ್ದು ಮೊನ್ನೆ, ಹುಡುಗನನ್ನು ಶಾಲೆಗೆ ಸೇರಿಸುವಾಗ. ಮೊದಲು ಬರೆಸಿದ ಹೆಸರಿನವನೇ ಬಂದು, ಈ ಮಗುವಿನ ತಂದೆ ನಾನಲ್ಲ ಎಂದು ಬರೆದುಕೊಡಬೇಕೆಂದು ಜನನ ನೋಂದಣಿ ಕಚೇರಿಯಲ್ಲಿ ಹೇಳಿ ಕಳಿಸಿದ್ದರು.

"ಎಷ್ಟ ಹುಡುಕೇವ್ರೀ ಅಣ್ಣಾರ ನಿಮ್ಮನ್ನ, ಕಡೀಕ ಗದಗಿನ ಟಂಟಂ ಸ್ಟ್ಯಾಂಡಿನಾಗ ಹೆಸರು ಹೇಳಿದ ಮ್ಯಾಲ ಈ ಓಣಿ ಸಿಕ್ತು," ಎಂದ ಪರಶುರಾಮ. "ಕಾಗದ ತಪ್ಪಾಗಿದ್ದ ಛಲೋ ಆತು. ಇಲ್ಲಾಂದ್ರ ನಿಮ್ಮ ಮುಖಾನ ನೋಡ್ತಿದ್ದಿಲ್ಲ ನಾ."

ಅಫ್ರೀನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ನಂಬಿಕೆ ಬಂದಿತ್ತು. ಆದರೆ ಓಣಿಗೆ ಬಂದಿರಲಿಲ್ಲ. ಆಗಲೇ ಲಕ್ಷ್ಮೇಶ್ವರದಿಂದ ಅವಳ ತಾಯಿಯ ಫೋನೂ ಬಂದು ಹೋಗಿತ್ತು. ಮಂಜವ್ವನ ಕೃಪೆ.

"ಬಾಯಿ ಮಾತು ಬ್ಯಾಡ್ರಿ," ಎಂದಳು ಬ್ಯಾಗಿನ ಚೈನು ಎಳೆಯುತ್ತಾ. "ಕಾಗದದಾಗ ಬಂದೈತಿ, ಕಾಗದದಾಗ ಹೋಗ್ಬೇಕು. ಹೊಸಾ ಕಾಗದದಾಗ ಎಲ್ಲೆರ ನಿಮ್ಮ ಹೆಸರು ಕಂಡ್ರ ನಾ ಅಲ್ಲಿಂದನ ಬಸ್ ಹತ್ತತೇನಿ."

ಎಲ್ಲರೂ ಟಂಟಂ ಹತ್ತಿದರು, ಬ್ಯಾಗೂ ಹತ್ತಿತು. ಶಿರಾ ಅರ್ಧ ಬೆಂದಿದ್ದರಿಂದ ಅಮೀನಬಿ ಮಾತ್ರ ಮನೆಯಲ್ಲಿ ಉಳಿದಳು.

ಕಚೇರಿಯಲ್ಲಿ ವನಿತಾ ಎಂಬ ಅಧಿಕಾರಿ ಇದ್ದರು. ಅಫ್ರೀನ ಒಳಗೆ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ಕಾಯುವವಳಂತೆ ಕುಳಿತಳು. ಒಳಗೆ ಮಾಶಾಕ ತಾನು ತಂದೆಯಲ್ಲ ಎಂದು ಬರೆದು ಸಹಿ ಮಾಡಿದ. ಅಷ್ಟು ಒತ್ತಿ ಅವನು ಹಿಂದೆಂದೂ ಸಹಿ ಮಾಡಿರಲಿಲ್ಲ. ಪೆನ್ನಿನ ಗುರುತು ಹಾಳೆಯ ಆಚೆ ಬದಿಗೂ ಮೂಡಿತು. ಇನ್ನು ತಾಯಿಯೇ ತನ್ನ ಬಾಯಿಂದ ತಂದೆಯ ಹೆಸರು ಹೇಳಬೇಕು ಎಂದರು ವನಿತಾ.

ಹನಮಂತವ್ವ ನೆಲ ನೋಡಿದಳು. ಗಂಡ ಬೇಡಿಕೊಂಡ. ಮಾಶಾಕ ಕೈ ಮುಗಿದ. ಆಗ ವನಿತಾ ಪೆನ್ನು ಕೆಳಗಿಟ್ಟು, "ಹಂಗ ಹೇಳಾಕ ಬರದಿದ್ರ ಒಡಪು ಹಾಕಿ ಹೇಳವಾ, ಮದ್ವ್ಯಾಗ ಹೇಳಿದಂಗ," ಎಂದರು. ಹನಮಂತವ್ವನ ಮುಖ ಅರಳಿತು. ಸೆರಗು ಸರಿಮಾಡಿಕೊಂಡು ರಾಗದಲ್ಲಿ ಹೇಳಿದಳು:

"ಎರಿಯ ಹೊಲಕ ಬಿಳಿಯ ಜ್ವಾಳ ಚಂದ,
ನಮ್ಮ ಮನಿಗೆ ಪರಶುರಾಮರ ನಗಿ ಚಂದ."

ಆಚೆ ಮೇಜಿನವರೂ ಎದ್ದು ಬಂದು ಚಪ್ಪಾಳೆ ತಟ್ಟಿದರು. ಪರಶುರಾಮ ನಾಚಿಕೊಂಡು ಗೋಡೆಯ ಕಡೆ ತಿರುಗಿದ. ವನಿತಾ ನಗುತ್ತಲೇ ಹೆಸರು ಬರೆದುಕೊಂಡರು. ಹೆರಿಗೆಯಾದ ಕೂಡಲೇ ಮಾಡಿಸಿದ ಕಾಗದವಾದ್ದರಿಂದ ಮಗುವಿನ ಹೆಸರಿನ ಜಾಗವೂ ಖಾಲಿ ಇದೆ, ಅದನ್ನೂ ಈಗಲೇ ತುಂಬಿಕೊಡುತ್ತೇನೆ ಎಂದರು. ಮಾಶಾಕನನ್ನು ಆಧಾರ್ ಕಾರ್ಡಿನ ಝೆರಾಕ್ಸ್ ತರಲು ಕಳಿಸಿದರು.

ಅವನು ತಿರುಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಶಾಲೆಯ ಅವಸರ ಕಂಡು ವನಿತಾ ಆಗಿಂದಾಗಲೇ ಮಾಡಿಸಿಕೊಟ್ಟಿದ್ದರು. ತಂದೆಯ ಹೆಸರಿನ ಜಾಗದಲ್ಲಿ ಪರಶುರಾಮ ಎಂದು ಇರುವುದನ್ನಷ್ಟೇ ನೋಡಿ ಮಾಶಾಕನ ಜೀವಕ್ಕೆ ಸಮಾಧಾನವಾಯಿತು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಪಾಸಾದ ಹುಡುಗನ ಹಾಗೆ ಹೊರಗೆ ಓಡಿ ಅಫ್ರೀನಳ ಮುಂದೆ ಹಿಡಿದ.

ಅಫ್ರೀನ ಮೇಲಿನಿಂದ ಓದಿದಳು. ಮೇಲಿನ ಸಾಲಿನಲ್ಲೇ ನಿಂತಳು.

"ಮಗುವಿನ ಹೆಸರು, ಮಾಶಾಕ."

ಮಾಶಾಕ ಬೆಂಚಿನ ತುದಿಯಲ್ಲಿ ಕುಳಿತುಬಿಟ್ಟ. ಹಿಂದೆ ಬಂದ ಹನಮಂತವ್ವನಿಗೆ ಏನಾಯಿತೆಂದು ಅರ್ಥವಾಗಲಿಲ್ಲ. ಈ ಹೆಸರು ಯಾಕೆ ಇಟ್ಟಿರಿ ಎಂದು ಅಫ್ರೀನ ಕೇಳಿದಾಗ ಅವಳು ಹುಡುಗನ ತಲೆಯ ಮೇಲೆ ಕೈಯಿಟ್ಟಳು.

"ಊರು ಗೊತ್ತಿಲ್ಲ, ಮನಿ ಗೊತ್ತಿಲ್ಲ. ನರ್ಸಬಾಯಿಗೆ ಹೇಳುವಾಗ ಕೇಳಿದ್ದು ಹೆಸರೊಂದ ಗೊತ್ತಿತ್ತು ಯಕ್ಕಾ. ಮರತ್ರ ಹೆಂಗ? ದಿನಾ ಬಾಯಾಗ ಬರಲಿ ಅಂತ ಇವಗ ಇಟ್ವಿ."

ಅಫ್ರೀನ ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡು ಗಂಡನ ಕಡೆ ನೋಡಿದಳು. ಆರು ವರ್ಷದಿಂದ ಒಂದು ಊರಿನಲ್ಲಿ ತನ್ನ ಹೆಸರನ್ನು ದಿನವೂ ಕರೆಯುತ್ತಿದ್ದಾರೆಂಬುದು ಗೊತ್ತಿಲ್ಲದೆ ಉಳ್ಳಾಗಡ್ಡಿ ಹೇರಿಕೊಂಡು ತಿರುಗಿದ ಮನುಷ್ಯ. ಅವಳಿಗೆ ನಗುವೂ ಬಂತು.

"ಹೆಸರು ಕಂಡ್ರ ಬಸ್ ಹತ್ತತೇನಿ ಅಂದಿದ್ದೆ," ಎಂದು ಬ್ಯಾಗು ಎತ್ತಿಕೊಂಡಳು. "ಮಾತು ಅಂದ್ರ ಮಾತ."

ಮಾಶಾಕ ತಡೆಯಲು ಎದ್ದ. ಆದರೆ ಅವಳು ನಡೆದದ್ದು ಹಂದಿಗೋಳದ ಬಸ್ಸಿನ ಕಡೆ. ಮನೆಗೆ ಬಂದು ಒಂದು ತುತ್ತು ಉಂಡು ಹೋಗಿ ಎಂದು ಹನಮಂತವ್ವ ಕಚೇರಿಗೆ ಬರುವ ದಾರಿಯುದ್ದಕ್ಕೂ ಕರೆದಿದ್ದಳು. ಅಫ್ರೀನ ಈಗ ಅದಕ್ಕೆ ಒಪ್ಪಿದಳು. ಒಂದು ದಿನ ಇದ್ದು ಬರುತ್ತೇನೆ, ನೀವು ಮನೆಗೆ ಹೋಗಿ ಅತ್ತೆಯನ್ನು ನೋಡಿಕೊಳ್ಳಿ ಎಂದು ಕಿಟಕಿಯಿಂದ ಹೇಳಿದಳು. ಸಣ್ಣ ಮಾಶಾಕ ಅವಳ ತೊಡೆಯ ಮೇಲೆ ಕುಳಿತು ದೊಡ್ಡ ಮಾಶಾಕನಿಗೆ ಕೈ ಬೀಸಿದ.

ಮಾಶಾಕ ಒಬ್ಬನೇ ಟಂಟಂ ಓಡಿಸಿಕೊಂಡು ಬಂದ. ಎದೆ ಹಗುರಾಗಿತ್ತು. ದೇವರು ದೊಡ್ಡವನು, ನರ್ಸಬಾಯಿ ದೊಡ್ಡವಳು, ತಪ್ಪಾಗಿದ್ದ ಆ ಕಾಗದವೂ ದೊಡ್ಡದು ಎಂದು ಅವನಿಗೆ ಅನ್ನಿಸುತ್ತಿತ್ತು. ಕಟ್ಟೆಯ ಮೇಲೆ ಮಂಜವ್ವ ಇದ್ದಳು, ಅವಳ ಸುತ್ತ ಓಣಿಯ ಹೆಣ್ಣುಮಕ್ಕಳೆಲ್ಲ ಇದ್ದರು. ಅಫ್ರೀನ ಎಲ್ಲಿ ಎಂದು ಅವಳು ಕೇಳಿದಳು. ಈಗ ಮುಚ್ಚಿಡುವುದು ಏನಿದೆ ಎಂದುಕೊಂಡು ಮಾಶಾಕ ಟಂಟಂ ನಿಲ್ಲಿಸಿ, ಖರೆ ಇದ್ದದ್ದನ್ನು ಇದ್ದಂತೆ ಹೇಳಿದ. ಹುಡುಗನ ಹೆಸರೂ ಮಾಶಾಕ, ಅಫ್ರೀನ ನಕ್ಕೊಂತ ಬ್ಯಾಗು ತಗೊಂಡು ಆ ಹೆಣ್ಣುಮಗಳ ಸಂಗಾಟ ಹಂದಿಗೋಳಕ್ಕ ಉಣ್ಣಾಕ ಹೋದಳು ಎಂದ.

ಮಂಜವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣಲ್ಲಿ ಖರೆಯಾಗಿಯೂ ನೀರು ಬಂದಿತ್ತು.

"ಎಂಥಾ ದೊಡ್ಡ ಮನಸವಾ ಆ ಹುಡುಗೀದು," ಎಂದಳು ಸುತ್ತಲಿದ್ದವರಿಗೆ. "ಸವತಿ ಮನಿಗೆ ತಾನ ಹೋಗಿ ಉಂಡು ಬರ್ತಾಳಂದ್ರ."