ಸಂಜೆ ಐದರ ಮಂಕು

ಲತೀಫನ ಮಾನ ಹರಾಜಾದದ್ದು ಒಂದು ಹಸಿರು ಗೀಟಿನಿಂದ.

ನಂಗಲಿಯ ಹೆದ್ದಾರಿ ಪಕ್ಕದಲ್ಲಿ ಹತ್ತಿ ಹಾಸಿಗೆ ಹೊಲಿಯುವ ಲತೀಫ್, ಆ ಶನಿವಾರ ಬೆಳಿಗ್ಗೆ ತಲೆಗಂಟಿದ ಹತ್ತಿಯನ್ನೂ ಕೊಡವದೆ ಮಗಳ ಶಾಲೆಯಲ್ಲಿ ಕೂತಿದ್ದ. ಸುನಂದ ಟೀಚರು ಕಂಪ್ಯೂಟರನ್ನು ಅವನ ಕಡೆ ತಿರುಗಿಸಿ, ಏರಿಳಿಯುವ ಹಸಿರು ಗೀಟೊಂದನ್ನು ತೋರಿಸಿದರು. ಐದನೇ ಕ್ಲಾಸಿನ ಸಿದ್ರಾ ಮನೆಯ ಫೋನಿನಲ್ಲಿ ದಿನವೂ ಮಾಡುವ ಪಾಠದ ಗೀಟು ಅದು. ಬೆಳಿಗ್ಗೆ ಆರಕ್ಕೆ ಬೆಟ್ಟ ಹತ್ತುತ್ತಿತ್ತು. ಸಂಜೆ ಐದಕ್ಕೆ ಹಗ್ಗ ಕಡಿದ ಬಿಂದಿಗೆಯಂತೆ ಬಾವಿಗೆ ಬೀಳುತ್ತಿತ್ತು.

"ನೋಡಿ, ಈ ಆಪು ಒಂದೊಂದು ಮಗೂನೂ ಗಮನಿಸಿ ಅದಕ್ಕೆ ತಕ್ಕ ಪಾಠ ಕೊಡುತ್ತೆ. ನಿಮ್ಮ ಮಗಳಿಗೆ ಏನು ಕೊಡ್ಬೇಕು ಅಂತ ಅದಕ್ಕೇ ತಿಳೀತಿಲ್ಲ. ಬೆಳಿಗ್ಗೆ ಎಂಟನೇ ಕ್ಲಾಸಿನ ಲೆಕ್ಕ ಬಿಡಿಸ್ತಾಳೆ. ಸಂಜೆ ಅರ್ಧ ದೊಡ್ಡದಾ, ಕಾಲು ದೊಡ್ಡದಾ ಅಂದ್ರೆ ಕಾಲು ಅಂತಾಳೆ!"

"ಕಾಲಲ್ವಾ?" ಎಂದುಬಿಟ್ಟ ಲತೀಫ್. ತಕ್ಷಣ ಅದನ್ನು ಕೆಮ್ಮನ್ನಾಗಿ ಮಾಡಿಕೊಂಡ.

ಅಜ್ಜಿಯರ ಕತೆಯಲ್ಲಿ ಹಗಲು ಗಿಳಿ, ಇರುಳು ರಾಜಕುಮಾರಿ ಆಗುವವಳೊಬ್ಬಳು ಇರುತ್ತಾಳಲ್ಲ, ಆ ಜಾತಿಯ ಮಗುವೊಂದು ತಮ್ಮ ಕ್ಲಾಸಿನಲ್ಲೇ ಸಿಕ್ಕಿತೆಂದು ಟೀಚರ ಕಣ್ಣು ಹೊಳೆಯುತ್ತಿತ್ತು. ಆದರೆ ಮಾತು ಬೇರೆಯಿತ್ತು. "ಮುಳಬಾಗಿಲಿನ ಆಕಾಶ ಶಿಬಿರಕ್ಕೆ ಇವಳ ಹೆಸರು ಬರ್ದಿದ್ದೆ. ಒಂದೇ ಸಮ ಕಲಿಯೋ ಮಕ್ಕಳನ್ನ ಕಳಿಸಿ ಅಂದಿದಾರೆ. ಸಂಜೆ ಆರಕ್ಕೆ ಪಟ್ಟಿ ಹೋಗುತ್ತೆ. ಅಷ್ಟರೊಳಗೆ ಇದಕ್ಕೆ ಕಾರಣ ಸಿಗದಿದ್ರೆ ಹೆಸರು ತೆಗೀಬೇಕಾಗುತ್ತೆ."

ಶಿಬಿರದಲ್ಲಿ ದುರ್ಬೀನಿನೊಳಗಿಂದ ಶನಿಯ ಉಂಗುರ ತೋರಿಸುತ್ತಾರೆಂದು ಸಿದ್ರಾ ಒಂದು ತಿಂಗಳಿಂದ ಕುಣಿಯುತ್ತಿದ್ದಳು. "ಅಬ್ಬಾ, ಆ ಉಂಗುರ ಯಾರು ತೊಡಿಸಿದ್ದು? ಬಿಚ್ಚಿದ್ರೆ ಬರುತ್ತಾ?" ಎಂದು ಅಪ್ಪನಿಗೆ ದಿನಕ್ಕೊಂದು ಪ್ರಶ್ನೆ.

ಕಾರಣ ಅವನಿಗೆ ಗೊತ್ತಿತ್ತು. ಕಾರಣ ಅವನೇ.

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಹತ್ತಿಯೊಳಗೆ ಕೂತವನು. ಒಂದು ಸಂಜೆ ಸಿದ್ರಾ ಆಡಲು ಹೋದಾಗ ಸುಮ್ಮನೆ ಫೋನು ಒತ್ತಿದ್ದ. ಅದು ಪ್ರಶ್ನೆಯನ್ನು ಓದಿ ಹೇಳಿತು. ಹೇಗೋ ಉತ್ತರ ಸರಿಬಿತ್ತು. ಪರದೆಯ ಮೇಲೊಂದು ಹಳದಿ ಹಕ್ಕಿ ರೆಕ್ಕೆ ಬಡಿದು "ಶಭಾಷ್!" ಎಂದಿತು. ನಲವತ್ತು ವರ್ಷದಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಅಂದಿನಿಂದ ಸಂಜೆ ಐದಾದರೆ ಹಾಸಿಗೆಯ ಮರೆಯಲ್ಲಿ ಇದೇ ಕೆಲಸ. ಹಕ್ಕಿ ಮಾತ್ರ ಮತ್ತೆ ಬಾಯಿ ಬಿಟ್ಟದ್ದು ಅಪರೂಪ.

ಹೇಳಿಬಿಡೋಣವೆಂದರೆ ಮೂಲೆಯಲ್ಲಿ ಪಂಕ್ಚರ್ ಅಂಗಡಿ ಆವಲಪ್ಪ ಕೂತಿದ್ದ. ಶಾಲಾ ಸಮಿತಿಯ ಅಧ್ಯಕ್ಷ. ಅವನ ಕಿವಿಗೆ ಬಿದ್ದದ್ದು ನಂಗಲಿ ದಾಟಿ ಆಂಧ್ರ ಮುಟ್ಟುತ್ತಿತ್ತು. ಲತೀಫ್ ಬಾಯಿ ಹೊಲಿದುಕೊಂಡ.

ಅವನು ಅಂಗಡಿ ತಲುಪುವಷ್ಟರಲ್ಲಿ ಸುದ್ದಿ ಬಂದು ಕೂತಿತ್ತು.

"ಅಯ್ಯೋ ದೇವುಡಾ!" ಎಂದು ಎದುರಿನ ಸೊಪ್ಪಿನ ಕದಿರಮ್ಮ ಓಡಿಬಂದಳು. "ಮಗೀಗೆ ಸಂಜೆ ಆದ್ರೆ ಮಂಕು ಬಡೀತೈತಂತೆ? ಪಿತ್ತ ಕಣಪ್ಪಾ ಅದು. ಹಾಗಲಕಾಯಿ ರಸ ಕುಡಿಸ್ಬೇಕು, ನಲವತ್ತೆಂಟು ದಿನ. ಒಂದು ಚೂರು ಬೆಲ್ಲ ಬೀಳಬಾರ್ದು."

ಅನುಮಾನ ತನ್ನ ಕಡೆ ತಿರುಗದಿರಲೆಂದು ಲತೀಫ್ ಜೋರಾಗಿ ತಲೆಯಾಡಿಸಿದ. "ಕುಡಿಸಲೇಬೇಕು ಅಕ್ಕಾ! ದೊಡ್ಡ ಲೋಟದಲ್ಲೇ ಕುಡಿಸೋಣ."

"ಕಣ್ಣಿಂದು ಕಣ್ಲಾ, ಪಿತ್ತ ಅಲ್ಲ," ಎಂದ ಹಿಂದೆಯೇ ಬಂದ ಆವಲಪ್ಪ. ಯಾವನೋ ಲಾರಿ ಡ್ರೈವರು ಮರೆತುಹೋದ ಕಪ್ಪು ಕನ್ನಡಕ ಅವನ ಕೈಯಲ್ಲಿತ್ತು. "ಸಂಜೆ ಬಿಸಿಲು ಹೊಡೀತೈತೆ. ಹಾಕ್ಸು."

"ಹಾಕ್ಸೋಣ ಹಾಕ್ಸೋಣ," ಎಂದ ಲತೀಫ್.

ಐದು ಗಂಟೆಗೆ ಸುನಂದ ಟೀಚರೇ ಬಂದುಬಿಟ್ಟರು. "ಐದಕ್ಕೆ ಏನಾಗುತ್ತೆ ಅಂತ ನೋಡೇ ಬಿಡೋಣ," ಎಂದರು. ಸಿದ್ರಾಳನ್ನು ಹೊಸ ಹಾಸಿಗೆಯ ಮೇಲೆ ಕೂರಿಸಲಾಯಿತು. ಮೂಗಿನ ತುದಿಗಿಳಿದ ಕಪ್ಪು ಕನ್ನಡಕ, ಕೆನ್ನೆಗೆ ದೃಷ್ಟಿಬೊಟ್ಟು. ಸುತ್ತ ಬೀದಿಯ ಅರ್ಧ ಜನ. ಕದಿರಮ್ಮನ ಕೈಯಲ್ಲಿ ಹಸಿರು ರಸದ ಲೋಟ.

ಫೋನು ಕೊಟ್ಟರೆ ಸಿದ್ರಾ ಎಲ್ಲಿ ಒತ್ತಬೇಕೆಂದೇ ತಿಳಿಯದೆ ತಿರುಗಿಸಿ ಮುರುಗಿಸಿ ನೋಡಿದಳು.

"ನೋಡಿದ್ರಾ? ಮಂಕು ಬಂತು!" ಎಂದ ಆವಲಪ್ಪ.

ಟೀಚರು ನಿಟ್ಟುಸಿರಿಟ್ಟು ಪಟ್ಟಿ ತೆಗೆದರು. ಪೆನ್ನಿನ ಮೂತಿ ಹೆಸರಿನ ಮೇಲೆ ಬಂತು. ಕನ್ನಡಕದ ಕೆಳಗಿನಿಂದ ಒಂದು ಹನಿ ಜಾರಿ ದೃಷ್ಟಿಬೊಟ್ಟನ್ನು ಕರಗಿಸಿತು.

"ನಿಲ್ಸಿ ಮೇಡಂ!" ಲತೀಫ್ ಕೂಗಿದ. "ಸಂಜೆ ಐದರ ಮಂಕು ಅವಳಲ್ಲ. ನಾನು."

ಬೀದಿಯಲ್ಲೆದ್ದ ನಗುವಿಗೆ ಹತ್ತಿ ಹಾರಿತು. ಟೀಚರ ಮುಖ ಮಾತ್ರ ಅರಳಿತು. "ಅಷ್ಟೇನಾ! ಹಾಗಾದ್ರೆ ಸಂಜೆದು ತೆಗೆದುಬಿಟ್ರೆ ಆಯ್ತು. ಬೆಳಗಿನ ಜಾಣೆ ಉಳೀತಾಳೆ, ಸೀದಾ ಶಿಬಿರಕ್ಕೆ."

ಮಾನ ಹೋದರೂ ಮಗಳು ಉಳಿದಳಲ್ಲ ಎಂದು ಲತೀಫ್ ಬೆವರು ಒರೆಸಿಕೊಳ್ಳುತ್ತಿದ್ದ. ಆಗ ಅಂಗಡಿಯ ಹಿಂದಿನ ಮನೆಯ ಪರದೆ ಅಲುಗಿತು. ಹೆಂಡತಿ ಪರ್ವೀನ್ ಸೆರಗು ತಿರುವುತ್ತಾ ನಿಂತಿದ್ದಳು.

"ಮೇಡಂ... ಬೆಳಗಿಂದು ನಂದು."

"ನಿಂದಾ?" ಲತೀಫನ ಬಾಯಿ ತೆರೆದೇ ಇತ್ತು.

"ಹಾಲು ಕಾಯೋವಾಗ ಮಾಡ್ತೀನಿ. ಶ್ರೀನಿವಾಸಪುರದಲ್ಲಿ ಹತ್ತನೇವರೆಗೂ ಓದಿದ್ದೆ. ಲೆಕ್ಕದಲ್ಲಿ ತೊಂಬತ್ತೆಂಟು. ನೀವು ಯಾವತ್ತು ಕೇಳಿದ್ರಿ?"

ಟೀಚರು ಗೀಟು ನೋಡಿದರು, ಅಪ್ಪನನ್ನು ನೋಡಿದರು, ಅಮ್ಮನನ್ನು ನೋಡಿದರು. "ಮತ್ತೆ ಇದರಲ್ಲಿ ಸಿದ್ರಾ ಎಲ್ಲಿ?"

"ನಂಗೆ ಫೋನ್ ಎಲ್ಲಿ ಸಿಗುತ್ತೆ ಮಿಸ್?" ಸಿದ್ರಾ ಕನ್ನಡಕ ತೆಗೆದಳು. "ಅಮ್ಮಿ ಬಿಟ್ರೆ ಅಬ್ಬಾ, ಅಬ್ಬಾ ಬಿಟ್ರೆ ಅಮ್ಮಿ."

"ಹೇಳೋದಲ್ವೇನೇ?"

"ನೀವು ಸ್ಟಾರ್ ಕೊಡ್ತಿದ್ರಲ್ಲ ಮಿಸ್."

ಗಡಿಯಾರ ಐದೂಮುಕ್ಕಾಲು. ಟೀಚರು ಬಾಯಿಯಲ್ಲೇ ಕೇಳಿದರು: "ಮುಕ್ಕಾಲು ರೊಟ್ಟೀಲಿ ಅರ್ಧ ತಿಂದ್ರೆ, ರೊಟ್ಟೀಲಿ ಎಷ್ಟು ಭಾಗ ತಿಂದಂಗೆ?"

"ಎಂಟರಲ್ಲಿ ಮೂರು."

"ಹೆಂಗೆ ಗೊತ್ತಾಯ್ತೇ?"

"ಬೆಳಿಗ್ಗೆ ದುಪ್ಪಟಿ ಒಳಗೆ ಮಲ್ಕೊಂಡೇ ಫೋನ್ ಕೂಗೋದು ಕೇಳ್ತೀನಿ, ಮನಸ್ಸಲ್ಲೇ ರೊಟ್ಟಿ ಮುರೀತೀನಿ. ಸಂಜೆ ಕುಂಟಾಬಿಲ್ಲೆ ಆಡ್ತಾ ಇನ್ನೊಂದ್ಸಲ ಕೇಳ್ತೀನಿ. ಅಬ್ಬಾ ಒತ್ತಿದ್ದು ಒಂದು ಬಿಟ್ರೆ ಉಳಿದಿದ್ರಲ್ಲಿ ಯಾವ್ದೋ ಸರಿ ಇರುತ್ತೆ."

ಇನ್ನೂ ನಾಲ್ಕು ಕೇಳಿದರು. ಮೂರು ಸರಿ, ಒಂದು ತಪ್ಪು. ಆ ತಪ್ಪನ್ನು ಕಂಡು ಟೀಚರಿಗೆ ಎಲ್ಲಿಲ್ಲದ ಖುಷಿ. ಕೊನೆಗೂ ಆ ಮಗುವಿನದೇ ಒಂದು ತಪ್ಪು ಸಿಕ್ಕಿತ್ತಲ್ಲ! ಆರಕ್ಕೆ ಐದು ನಿಮಿಷವಿರುವಾಗ ಪಟ್ಟಿ ಹೋಯಿತು, ಸಿದ್ರಾಳ ಹೆಸರಿನೊಂದಿಗೆ.

ಹೋಗುವ ಮುನ್ನ ಅವರು ಫೋನಿನಲ್ಲಿ ಮೂವರಿಗೂ ಬೇರೆ ಬೇರೆ ಖಾತೆ ತೆರೆದರು. ಬಾವಿಗೆ ಬಿದ್ದ ಗೀಟೆಲ್ಲ ಲತೀಫನ ಹೆಸರಿಗೆ ಬಂತು. ಫೋನು ಬೀದಿಗೆಲ್ಲ ಕೇಳುವಂತೆ ಓದಿತು: "ಲತೀಫ್. ಮೂರನೇ ತರಗತಿ. ಸಂಜೆ ಗಮನ ಕಡಿಮೆ. ಪೋಷಕರು ಪಕ್ಕದಲ್ಲೇ ಕೂತು ಓದಿಸಬೇಕು."

ಪೋಷಕರ ಜಾಗದಲ್ಲಿ ಪರ್ವೀನ್ ತನ್ನ ಹೆಸರನ್ನು ಚೆಂದವಾಗಿ ಬರೆದಳು.

ಮೆಲ್ಲಗೆ ಜಾರಿಕೊಳ್ಳಲು ಎದ್ದ ಲತೀಫನ ಮೂಗಿನ ಕೆಳಗೆ ಹಸಿರು ಲೋಟ ಬಂತು.

"ಎಲ್ಲಿಗಪ್ಪಾ?" ಎಂದಳು ಕದಿರಮ್ಮ. "ಮಂಕು ಯಾರದ್ದೋ ರಸ ಅವ್ರದ್ದು. ನಲವತ್ತೆಂಟು ದಿನ. ದೊಡ್ಡ ಲೋಟ ಅಂತ ನೀನೇ ಅಂದಿದ್ದು."

ಲತೀಫ್ ಕಣ್ಣು ಮುಚ್ಚಿ, ಮೂಗು ಹಿಡಿದು, ಗಟಗಟನೆ ಇಳಿಸಿದ.

"ಶಭಾಷ್!" ಎಂದಿತು ಹಳದಿ ಹಕ್ಕಿ.

ಅವನು ಆಸೆಯಿಂದ ಕಣ್ಣು ತೆರೆದ. ಫೋನು ಸಿದ್ರಾಳ ಕೈಯಲ್ಲಿತ್ತು.